ಟರ್ಬೊ ತಣಿಯುವಷ್ಟು ಹೊತ್ತು

ಕಂತು: ಒಂಬತ್ತು

“ಆ ಪೈಪಿನ ಮೂತಿ ಮೇಲಕ್ಕೆ ತಿರುಗಿಸಿದ್ಯೋ, ನಿನ್ನ ಮೂತಿನೂ ಅದೇ ದಿಕ್ಕಿಗೆ ತಿರುಗಿಸ್ತೀನಿ, ತಿಬೂರ್ಸಿಯೊ!”

ಜುರೇಮಾ ಕೂಗಿದ ರಭಸಕ್ಕೆ, ಕಾರಿನಡಿ ಅಂಗಾತ ಮಲಗಿದ್ದ ಗುಜರಿ ಅಂಗಡಿಯ ತಿಬೂರ್ಸಿಯೊ ಬೆಚ್ಚಿ ತಲೆಯೆತ್ತಿದ. ತಲೆ ಎಂಜಿನ್ನಿನ ಆಯಿಲ್ ಚೇಂಬರಿಗೆ ಬಡಿದು ಠಣ್ಣೆಂದಿತು. ಆ ಸದ್ದಿಗೆ ಮೂರು ಬೀದಿಯ ನಾಯಿಗಳು ಬೊಗಳಿದವು. ನಾಲ್ಕನೆಯ ಬೀದಿಯಲ್ಲಿ ಯಾರೋ ಚರ್ಚಿನ ಗಂಟೆಯೆಂದುಕೊಂಡು ಶಿಲುಬೆಯ ಗುರುತು ಹಾಕಿಕೊಂಡರಂತೆ.

“ಮೇಲೋ ಕೆಳಗೋ, ಆಯಿಲು ಹೋಗ್ತದೆ ಬಿಡಕ್ಕ. ಈ ಕೈಯಲ್ಲಿ ನಾನು ಕೂರ್ಸಿರೋ ಟರ್ಬೊಗಳಿಗೆ ಲೆಕ್ಕ ಇದೆಯಾ?”

“ನೀನು ಕೂರ್ಸಿದ್ದೆಲ್ಲ ಎದ್ದು ಓಡಿಹೋಗಿವೆ. ಟರ್ಬೊದಿಂದ ಇಳಿಯೋ ಆಯಿಲು ಇಳಿಜಾರಲ್ಲಿ ತಾನಾಗೇ ಜಾರಬೇಕು ಕಣೋ. ನಡುವೆ ನಿಂತ್ರೆ ಹೊಗೆ ಕಾರುತ್ತೆ, ನಿನ್ನಜ್ಜಿ ಚುಟ್ಟಾ ಸೇದಿದ ಹಾಗೆ.”

“ನನ್ನಜ್ಜಿ ವಿಷಯಕ್ಕೆ ಬರಬೇಡ!”

“ಹಾಗಾದ್ರೆ ಪೈಪು ಇಳಿಸು.”

ಪೈಪು ಇಳಿಯಿತು.

ಭಾನುವಾರದ ಹತ್ತು ಗಂಟೆ. ಜುರೇಮಾಳ ಮನೆಯ ಮುಂದಿನ ಮಾಡಿನ ಕೆಳಗೆ, ಕಬ್ಬಿಣದ ಗೇಟಿನ ಒಳಗೆ, ‘ಗೋಲ್’ ಎಂಬ ಹೆಸರಿನ, ಚೌಕ ಮೂತಿಯ ಹಳೇ ಬಿಳಿ ಕಾರು ಬಾನೆಟ್ಟು ತೆರೆದು ನಿಂತಿತ್ತು. ಗೋಡೆಯ ಪಕ್ಕದ ಒಲೆಯಲ್ಲಿ ಮಾಂಸ ಚಟಪಟ ಸುಡುತ್ತಿತ್ತು. ಊರಾಚೆ ಕಬ್ಬಿನ ಗದ್ದೆಗೆ ಬೆಂಕಿ ಹಾಕಿದ್ದರು. ಅದರ ಕರಿಬೂದಿ ಆಕಾಶದಿಂದ ತೇಲಿ ಬಂದು ಬಟ್ಟೆ, ಬಿಯರು, ಮಾಂಸ ಎನ್ನದೆ ಎಲ್ಲದರ ಮೇಲೂ ಹೇಳದೆ ಕೇಳದೆ ಕೂರುತ್ತಿತ್ತು.

ಪಿರಾಸಿಕಾಬಾ ಸೀಮೆಯಲ್ಲಿ ಕಬ್ಬು ಹೊರುವ ಲಾರಿಗಳೆಷ್ಟಿವೆಯೋ ಅಷ್ಟರ ಟರ್ಬೊಗಳೂ, ಎಂದರೆ ಎಂಜಿನ್ನಿಗೆ ಗಾಳಿ ಒತ್ತಿ ಬಲ ಕೊಡುವ ಯಂತ್ರಗಳೂ, ಒಂದಲ್ಲ ಒಂದು ದಿನ ಜುರೇಮಾಳ ಬೆಂಚಿನ ಮೇಲೆ ಬಿಚ್ಚಿಕೊಂಡು ಮಲಗಿದವೇ. ಅವಳು ಹತ್ತಿರ ಬಂದು ಮೂಸಿದರೆ ಸಾಕು, ಕೆಟ್ಟವುಗಳಲ್ಲಿ ಅರ್ಧ ಅವಮಾನಕ್ಕೇ ಸರಿಹೋಗುತ್ತಿದ್ದವು. ಆರು ಕಿಲೋಮೀಟರ್ ದೂರದಲ್ಲಿ ಹೋಗುವ ಲಾರಿಯ ಶಿಳ್ಳೆ ಕೇಳಿ, “ಒಳಗಿನ ಚಕ್ರದ ಒಂದು ರೆಕ್ಕೆ ಮುರಿದಿದೆ” ಎಂದು ಅವಳು ಹೇಳಿದ್ದನ್ನು ಕೇಳಿದವರು ಇನ್ನೂ ಬದುಕಿದ್ದಾರೆ.

ಅಂಥವಳು ನಲವತ್ತೊಂದು ದಿನದಿಂದ ನಕ್ಕಿರಲಿಲ್ಲ. ಅವಳ ಅಪ್ಪ ಅನ್ಸೆಲ್ಮೊನನ್ನು ಕಬ್ಬಿನ ಗದ್ದೆಯ ರಸ್ತೆಯಲ್ಲಿ ಕಾರು ಗುದ್ದಿತ್ತು. ಗುದ್ದಿದವರು ಅವನನ್ನೂ ಕಾರನ್ನೂ ಅಲ್ಲೇ ಬಿಟ್ಟು ಹೋಗಿದ್ದರು. ಕಾರು ಅವಳ ಅಣ್ಣನ ಮಗ ಎಡಿನಾಲ್ಡೊನದು. ಹಾಗಾಗಿ ಪೊಲೀಸರು ಬೇರೇನೂ ಯೋಚಿಸದೆ ಅವನನ್ನೇ ಒಳಗೆ ಹಾಕಿದ್ದರು. ಮಂಗಳವಾರ ಬೆಳಗ್ಗೆ ಹತ್ತಕ್ಕೆ ನ್ಯಾಯಾಧೀಶರ ಮುಂದೆ ವಿಚಾರಣೆ.

ಹುಡುಗನನ್ನು ಬಿಡಿಸಬೇಕು, ಅದು ಸರಿ. ಆದರೆ ಜುರೇಮಾಳ ಹೊಟ್ಟೆಯೊಳಗೆ ಉರಿಯುತ್ತಿದ್ದದ್ದು ಬೇರೆ. ಅನ್ಸೆಲ್ಮೊ ರಸ್ತೆಯಲ್ಲಿ ಅರ್ಧ ಗಂಟೆ ಜೀವ ಹಿಡಿದುಕೊಂಡಿದ್ದ, ಯಾರಾದರೂ ಎತ್ತಿ ತಂದಿದ್ದರೆ ಉಳಿಯುತ್ತಿದ್ದ ಎಂದು ಡಾಕ್ಟರು ಹೇಳಿದ್ದರು. ಆ ಅರ್ಧ ಗಂಟೆಯನ್ನು ಒಂದೊಂದು ನಿಮಿಷವಾಗಿ ಗುದ್ದಿದವನ ಮೈಯಿಂದ ವಸೂಲು ಮಾಡುತ್ತೇನೆಂದು ಅವಳು ಶವಪೆಟ್ಟಿಗೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದಳು. ಪಾದ್ರಿ ಕೇಳಿಸಿಕೊಂಡು ಕೇಳಿಸದವರ ಹಾಗೆ ಕೆಮ್ಮಿದ್ದರು.

ಅವಳ ಕೈಯಲ್ಲಿದ್ದದ್ದು ಒಂದೇ ಒಂದು ಸುಳಿವು. ಆ ಸುಳಿವು ಈಗ ಒಲೆಯ ಮುಂದೆ ಕೂತು ಮಾಂಸ ತಿರುವುತ್ತಿತ್ತು.

ಊರವರು ಗೌರವದಿಂದ ‘ದೋನಾ’ ಎಂದು ಕರೆಯುವ ಜೆನೊವೇವಾ. ಐವತ್ತೆರಡರ ವಿಧವೆ. ಕಬ್ಬಿನ ಗದ್ದೆಯ ತಿರುವಿನಲ್ಲಿ ಕಬ್ಬಿನಹಾಲಿನ ಅಂಗಡಿ. ಅವಳ ಸೊಂಟದ ತಿರುವಿಗಿಂತ ಆ ರಸ್ತೆಯ ತಿರುವು ಕಡಿಮೆ ಅಪಾಯದ್ದು ಎಂದು ಲಾರಿ ಡ್ರೈವರುಗಳು ಹೇಳುವುದುಂಟು. ಅಂದು ಸಂಜೆ ಆರಕ್ಕೆ ಅವಳು ಅಂಗಡಿಯಲ್ಲಿ ಕೂತು ಜಪ ಮಾಡುತ್ತಿದ್ದಳಂತೆ. ದಡ್ ಎಂಬ ಸದ್ದು. ಕಾರು ನಿಂತಿತು. ಆದರೆ ಎಂಜಿನ್ ಆರಲಿಲ್ಲ, ಸುಮ್ಮನೆ ಗುರುಗುಟ್ಟುತ್ತಿತ್ತು. ಜಪಸರದ ಹತ್ತು ಮಣಿ ಉರುಳಿ, ಹತ್ತು ಸಲ ‘ನಮೋ ಮರಿಯಾ’ ಮುಗಿದ ಮೇಲೆ ಎಂಜಿನ್ ಆರಿತು. ಆಮೇಲೆ ಒಬ್ಬ ಗಂಡಸಿನ ಹೆಜ್ಜೆ ಸದ್ದು ಕಬ್ಬಿನೊಳಗೆ ಹೋಯಿತು.

ಹತ್ತು ಮಣಿ ಎಂದರೆ ಎರಡು ನಿಮಿಷ.

ಬೇರೆ ಯಾರಿಗಾದರೂ ಇದರಲ್ಲೇನೂ ಕಾಣದು. ಜುರೇಮಾಳಿಗೆ ಮಾತ್ರ ಮೈಯೆಲ್ಲ ಬೆಂಕಿ ಹತ್ತಿತ್ತು. ಜೋರಾಗಿ ಓಡಿ ಬಂದ ಟರ್ಬೊ ಕಾರನ್ನು ತಟ್ಟನೆ ಆರಿಸಬಾರದು. ಒಳಗಿನ ಚಕ್ರ ಕೆಂಡವಾಗಿರುತ್ತದೆ, ಆಯಿಲು ಹರಿಯುವುದು ನಿಂತರೆ ಅಲ್ಲೇ ಸುಟ್ಟು ಇದ್ದಿಲಾಗುತ್ತದೆ. ಎರಡು ನಿಮಿಷ ಸುಮ್ಮನೆ ಓಡಿಸಿ, ತಣಿಸಿ, ಆಮೇಲೆ ಕೀಲಿ ತಿರುಗಿಸಬೇಕು. ಟರ್ಬೊ ಕಟ್ಟುವವರಿಗೆ ಇದು ಊಟಕ್ಕೆ ಮುಂಚೆ ಕೈ ತೊಳೆದಷ್ಟು ರೂಢಿ.

ಎಡಿನಾಲ್ಡೊನ ಹತ್ತಿರ ಮಾತ್ರ ಆ ರೂಢಿ ಸುಳಿದಿರಲೇ ಇಲ್ಲ. ಅವನು ನಿಂತ ಕೂಡಲೇ ಕೀಲಿ ಕಿತ್ತು ಓಡುವ ಜಾತಿ. ಹೀಗೆ ಮೂರು ಟರ್ಬೊ ಸುಟ್ಟಿದ್ದ. ಮೂರನ್ನೂ ಅಜ್ಜನೇ ಬೈದು ಬೈದು ರಿಪೇರಿ ಮಾಡಿಕೊಟ್ಟಿದ್ದ. ಜುರೇಮಾ ಪೊಲೀಸ್ ಅಂಗಳಕ್ಕೆ ಹೋಗಿ, ಅಲ್ಲಿ ನಿಂತ ಕಾರಿನ ಟರ್ಬೊ ಬಿಚ್ಚಿ ನೋಡಿದ್ದಳು. ಒಳಗಿನ ದಂಡ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇದ್ದಿಲಿಲ್ಲ, ಕಪ್ಪಿಲ್ಲ. ಯಾರೋ ತಣಿಸಿಯೇ ಆರಿಸಿದ್ದರು.

ಅಪ್ಪ ಇಪ್ಪತ್ತು ಹೆಜ್ಜೆ ದೂರದಲ್ಲಿ ರಕ್ತ ಸುರಿಸುತ್ತಿದ್ದಾಗ ಆ ಪಾಪಿ ಎರಡು ನಿಮಿಷ ಕೂತು ಟರ್ಬೊ ಕಾಪಾಡಿದ್ದ. ಕಬ್ಬಿಣದ ತುಂಡಿನ ಮೇಲೆ ಇದ್ದ ಕರುಣೆ ಮನುಷ್ಯನ ಮೇಲಿರಲಿಲ್ಲ.

ಎಡಿನಾಲ್ಡೊ ಅಂದು ಕಾರಿನ ಕೀಲಿಯನ್ನು ಫುಟ್ಬಾಲ್ ಮೈದಾನದ ಕೋಣೆಯ ಮೊಳೆಗೆ ತೂಗುಹಾಕಿದ್ದ; ಆಟದಲ್ಲಿದ್ದೆ ಎಂದ ಅವನ ಮಾತನ್ನು ಪೊಲೀಸರು ನಂಬಿರಲಿಲ್ಲ. ಆಟ ಮುಗಿಯುವ ಮುಂಚೆ ಎದ್ದು ಹೋದವರು ಇಬ್ಬರೇ. ಒಬ್ಬ, ಅಪ್ಪನ ಜತೆ ವರ್ಷಗಟ್ಟಲೆ ಜಗಳವಾಡಿದ್ದ ತಿಬೂರ್ಸಿಯೊ. ಊರಿನ ಟರ್ಬೊ ವಿದ್ಯೆಯೆಲ್ಲ ತನ್ನಿಂದಲೇ ಹುಟ್ಟಿದ್ದೆಂದು ಕೊಚ್ಚಿಕೊಳ್ಳುವವ. ಇನ್ನೊಬ್ಬರು, ಶಾಲೆಯ ವ್ಯಾನ್ ಓಡಿಸುವ ವಾಲ್ದೊಮೀರೊ. ಅಪ್ಪನ ಜೀವದ ಗೆಳೆಯರು. ಜುರೇಮಾಳಿಗೆ ಜ್ಞಾನಸ್ನಾನ ಮಾಡಿಸಿದ ದಿನ ಅವಳನ್ನು ತೋಳಲ್ಲಿ ಎತ್ತಿ ಹಿಡಿದಿದ್ದ ಧರ್ಮತಂದೆ. ಟರ್ಬೊ ಎಂದರೆ ತಿನ್ನುವುದೋ ಉಡುವುದೋ ತಿಳಿಯದ ಸಾಧು ಮನುಷ್ಯ.

ಆ ಊರಿನಲ್ಲಿ ಒಂದು ಪದ್ಧತಿಯುಂಟು. ಯಾರಾದರೂ ಮನೆಯಲ್ಲೇ ಕಾರಿಗೆ ಟರ್ಬೊ ಕೂರಿಸಿದರೆ ಬಳಗವೆಲ್ಲ ಸೇರಬೇಕು, ಮಾಂಸ ಸುಡಬೇಕು. ಒಂದು ಬೋಲ್ಟು ಬಿಗಿದವನಿಗೂ ಒಂದು ಸುತ್ತು ಕಾರು ಕೊಡಬೇಕು. ಕರೆದರೆ ಬರದಿರುವುದು ಮದುವೆ ತಪ್ಪಿಸಿಕೊಂಡಷ್ಟು ಅವಮಾನ. ಜುರೇಮಾ ಹಳೇ ಕಾರು ತಂದಳು, ಹಳೇ ಟರ್ಬೊ ತಂದಳು. “ಅಪ್ಪನ ನೆನಪಿಗೆ” ಎಂದು ಇಬ್ಬರನ್ನೂ ಕರೆದಳು. ಜಪಸರದ ಜತೆ ಬರಲು ಜೆನೊವೇವಾಳಿಗೂ ಹೇಳಿದಳು.

ಬಲೆ ಅದೇ. ಇಬ್ಬರೂ ಒಂದೊಂದು ಸುತ್ತು ಓಡಿಸಿ ಬರಲಿ. ಯಾರ ಕೈ ಕೀಲಿಯ ಮೇಲೆ ನಿಲ್ಲುತ್ತದೆ, ನೋಡೋಣ.

ಗೇಟು ಕಿರುಗುಟ್ಟಿತು. ವಾಲ್ದೊಮೀರೊ ಬಂದರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಾಕಿ ಬಾಚಿದ ಬಿಳಿಕೂದಲು.

“ಆಶೀರ್ವಾದ ಮಾಡಿ, ಪದ್ರೀನ್ಯೊ,” ಎಂದು ಜುರೇಮಾ ಧರ್ಮತಂದೆಯನ್ನು ಕರೆಯುವ ಹೆಸರಿನಲ್ಲೇ ಕೇಳಿ ತಲೆಬಾಗಿದಳು.

“ದೇವರು ಒಳ್ಳೇದು ಮಾಡ್ಲಿ ಮಗಳೇ. ನಾನೇನು ಮಾಡ್ಲಿ ಹೇಳು. ನನಗೆ ಇದೆಲ್ಲ ಏನೂ ಗೊತ್ತಾಗಲ್ಲ.”

“ಈ ಬೋಲ್ಟು ಬಿಗೀರಿ. ಅಷ್ಟೇ.”

“ಯಾವ ಕಡೆ ತಿರುಗಿಸ್ಬೇಕು?”

ಕಾರಿನಡಿಯಿಂದ ತಿಬೂರ್ಸಿಯೊ ನಕ್ಕ. “ವಾಲ್ದೊಮೀರೊ ಮಾಮಾ, ಬಿಯರ್ ಬಾಟ್ಲಿ ಮುಚ್ಚಳ ಮುಚ್ಚೋ ಕಡೆ!”

“ಬಾಟ್ಲಿ ಮುಚ್ಚಿದ್ದು ನೀನು ಯಾವತ್ತಾದ್ರೂ ನೋಡಿದ್ದೀಯೇನೋ?” ಎಂದಳು ಒಲೆಯ ಮುಂದಿನಿಂದ ಜೆನೊವೇವಾ.

ಎಲ್ಲರೂ ನಕ್ಕರು. ಜುರೇಮಾ ಹಲ್ಲು ತೋರಿಸಿದಳು. ಅದು ನಗೆಯಲ್ಲ.

ಮಧ್ಯಾಹ್ನ ಒಂದರ ಹೊತ್ತಿಗೆ ಕೆಲಸ ಮುಗಿಯುತ್ತ ಬಂತು. ಹೊಗೆ ಹೋಗುವ ದಪ್ಪ ಕೊಳವೆಯ ಮೇಲೆ ಟರ್ಬೊ, ಮರಿ ಬಸವನಹುಳು ಬೆನ್ನೇರಿದ ಹಾಗೆ, ಬಿಗಿಯಾಗಿ ಕೂತಿತ್ತು. ಅದು ಒತ್ತಿದ ಗಾಳಿ ಕಾರ್ಬುರೇಟರಿಗೆ ಹೋಗಲು ಕಪ್ಪು ರಬ್ಬರಿನ ಪೈಪು. ಆಯಿಲು ಬರಲು ಬೆರಳು ಗಾತ್ರದ ತಾಮ್ರದ ನಾಳ. ಜುರೇಮಾ ಆ ನಾಳ ಸಿಕ್ಕಿಸುವ ಮುಂಚೆ ಟರ್ಬೊದ ಬಾಯಿಗೆ ಚಮಚದಷ್ಟು ಆಯಿಲು ಹೊಯ್ದಳು, ಕೂಸಿಗೆ ಔಷಧಿ ಕುಡಿಸುವ ಹಾಗೆ. ಬೆರಳಿನಿಂದ ಒಳಗಿನ ಚಕ್ರ ತಿರುಗಿಸಿದಳು. ಒಮ್ಮೆ ತಟ್ಟಿದರೆ ಚಕ್ರ ಮುಂದಿನ ಭಾನುವಾರದವರೆಗೂ ತಿರುಗೀತು, ಅಷ್ಟು ನಯ.

ಆ ಹೊತ್ತೆಲ್ಲ ಅವಳ ಕಣ್ಣು ಟರ್ಬೊದ ಮೇಲಿತ್ತೆಂದು ಇಬ್ಬರೂ ನಂಬಿದ್ದರು. ಕಣ್ಣು ಅವರ ಕೈಗಳ ಮೇಲಿತ್ತು. ಇವುಗಳಲ್ಲಿ ಒಂದು ಕೈ ಆ ಸಂಜೆ ಕೀಲಿ ತಿರುಗಿಸಿತ್ತು. ಅದೇ ಕೈ ಆಮೇಲೆ ಸ್ಮಶಾನದಲ್ಲಿ ಅಪ್ಪನ ಮೇಲೆ ಮಣ್ಣು ಹಾಕಿತ್ತು.

ಕೀಲಿ ತಿರುಗಿತು. ಮೊದಲ ಸಲಕ್ಕೆ ಎಂಜಿನ್ ಕೆಮ್ಮಿತು. ಎರಡನೆಯ ಸಲಕ್ಕೆ ಎದ್ದು ಗುಡುಗಿತು. ಆ ಸೀಮೆಯ ಕಾರುಗಳು ಕುಡಿಯುವುದು ಪೆಟ್ರೋಲಲ್ಲ, ಕಬ್ಬಿನಿಂದ ತೆಗೆದ ಆಲ್ಕೋಹಾಲು. ಮಾಡಿನ ಕೆಳಗೆಲ್ಲ ಸಾರಾಯಿ ಭಟ್ಟಿಯ ಸಿಹಿವಾಸನೆ ತುಂಬಿತು. ಜುರೇಮಾ ಆಕ್ಸಿಲರೇಟರ್ ಒತ್ತಿದಳು. ಟರ್ಬೊ ಶಿಳ್ಳೆ ಹೊಡೆಯಿತು. ಪಕ್ಕದ ಮನೆಯ ಗಿಳಿ ಆ ಶಿಳ್ಳೆಗೆ ಮರುಳಾಗಿ ಮೂರು ದಿನ ಊಟ ಬಿಟ್ಟಿತೆಂಬುದು ಆಮೇಲಿನ ಸುದ್ದಿ.

“ಮೊದಲು ನಾನು!” ತಿಬೂರ್ಸಿಯೊ ಆಗಲೇ ಸೀಟಿನಲ್ಲಿದ್ದ.

ಜುರೇಮಾ ಜೆನೊವೇವಾಳತ್ತ ತಿರುಗಿದಳು. “ದೋನಾ, ಜಪಸರ ಕೈಲಿರ್ಲಿ. ಅವನು ಬಂದು ನಿಂತಾಗಿಂದ ಎಣಿಸಿ. ಅವತ್ತಿನ ಸದ್ದಿನ ಹಾಗೆ ಇದೆಯಾ ಕೇಳಿಸ್ಕೊಳ್ಳಿ.”

“ಆಗ್ಲಿ ತಂಗಿ,” ಎಂದಳು ಜೆನೊವೇವಾ. ಮೊದಲ ಮಣಿ ಬೆರಳ ನಡುವೆ ಬಂತು.

ಕಾರು ಬಾಣದಂತೆ ಹೋಯಿತು, ಬಾಣಕ್ಕಿಂತ ಕೆಟ್ಟದಾಗಿ ತಿರುಗಿತು. ಐದು ನಿಮಿಷಕ್ಕೆ ವಾಪಸು. ತಿಬೂರ್ಸಿಯೊ ಬ್ರೇಕ್ ಹಾಕಿ, ಕಾರು ಇನ್ನೂ ಅಲುಗುತ್ತಿರುವಾಗಲೇ ಕೀಲಿ ತಿರುಗಿಸಿ ಕಿತ್ತು, ವಿಜಯಿಯ ಹಾಗೆ ಮೇಲೆತ್ತಿ ಹಿಡಿದ.

ಒಂದು ಮಣಿಯೂ ಉರುಳಲಿಲ್ಲ.

“ಅಯ್ಯೋ ದರಿದ್ರದವನೇ! ಈಗ ತಾನೇ ಹುಟ್ಟಿದ ಟರ್ಬೊ ಕತ್ತು ಹಿಚುಕಿದ್ಯಲ್ಲೋ! ತಣಿಸದೆ ಆರಿಸ್ತಾರೇನೋ?”

“ತಣಿಸೋದಾ? ಯಾಕೆ, ಅದೇನು ಬಿಯರಾ?”

ಮೂವತ್ತು ವರ್ಷದಿಂದ ಟರ್ಬೊ ಪಂಡಿತನೆಂದು ಮೆರೆದವನಿಗೆ ಮೊದಲನೆಯ ಪಾಠವೇ ಗೊತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ಜುರೇಮಾ ಈ ಸುದ್ದಿಯನ್ನು ನಾಲ್ಕು ಊರಿಗೆ ಹಂಚುತ್ತಿದ್ದಳು. ಈಗ ಅವಳು ವಾಲ್ದೊಮೀರೊರತ್ತ ಕಣ್ಣು ಹೊರಳಿಸಿದಳು. ತಿಬೂರ್ಸಿಯೊ ಅಲ್ಲವಾದರೆ?

“ಹೋಗು, ಐಸ್ ತಗೊಂಡು ಬಾ. ನಡ್ಕೊಂಡು ಹೋಗು.”

“ನಡ್ಕೊಂಡಾ?”

“ಕಾರು ಆರಿಸೋಕೆ ಬರದವನಿಗೆ ಕಾಲೇ ಗತಿ.”

ಅವನು ಗೊಣಗುತ್ತ ಹೋದ.

“ಈಗ ನೀವು, ಪದ್ರೀನ್ಯೊ.”

ವಾಲ್ದೊಮೀರೊ ಎರಡು ಹೆಜ್ಜೆ ಹಿಂದೆ ಸರಿದರು. “ನಾನಾ? ಬೇಡಮ್ಮ. ನನ್ನ ವ್ಯಾನೇ ನನಗೆ ಜೋರು.”

“ಬೋಲ್ಟು ಬಿಗಿದವರು ಓಡಿಸ್ಲೇಬೇಕು. ಅಪ್ಪನ ಹೆಸರಲ್ಲಿ.”

“ಬಿಡು ಜುರೇಮಾ,” ಎಂದಳು ಜೆನೊವೇವಾ, ಒಲೆಯಿಂದ ತಲೆಯೆತ್ತದೆ. “ಅವರಿಗೆ ಬೆನ್ನು ನೋವು. ಬಂದು ಮಾಂಸ ತಿನ್ಲಿ.”

“ಒಂದು ಸುತ್ತು, ದೋನಾ. ಬೆನ್ನು ಮುರಿಯಲ್ಲ.”

ಅಪ್ಪನ ಹೆಸರು ಕೇಳಿದ ಮೇಲೆ ವಾಲ್ದೊಮೀರೊಗೆ ದಾರಿಯಿರಲಿಲ್ಲ. ಹತ್ತಿದರು. ಗೇಟು ದಾಟುವಾಗ ಕಾರು ಎರಡು ಸಲ ಆರಿಹೋಯಿತು. ಆಮೇಲೆ ಬೀದಿಯ ಕೊನೆಯವರೆಗೂ ಶಾಲೆಮಕ್ಕಳನ್ನು ಕೂರಿಸಿಕೊಂಡವರ ಹಾಗೆ ಹೋದರು. ತಿರುವಿನಾಚೆ ಹೆದ್ದಾರಿಯ ಏರು ಸಿಕ್ಕಿತು. ಅಲ್ಲಿ ಕಾಲು ಒತ್ತದೆ ಬೇರೆ ಗತಿಯಿಲ್ಲ. ಶಿಳ್ಳೆ ಊರ ಮೇಲೆ ಏರಿತು, ಇಳಿಯಿತು, ಹತ್ತಿರ ಬಂತು.

ಕಾರು ಮಾಡಿನ ಕೆಳಗೆ ಬಂದು ನಿಂತಿತು.

ವಾಲ್ದೊಮೀರೊರ ಬಲಗೈ ಕೀಲಿಯ ಮೇಲೆ ಹೋಯಿತು. ಅಲ್ಲೇ ನಿಂತಿತು.

ಎಂಜಿನ್ ಗುರುಗುಟ್ಟುತ್ತಿತ್ತು. ಹತ್ತು ಸೆಕೆಂಡು. ಇಪ್ಪತ್ತು. ವಾಲ್ದೊಮೀರೊ ಮುಂದಿನ ಗಾಜಿನಾಚೆ ಇಲ್ಲದ ಏನನ್ನೋ ನೋಡುತ್ತಿದ್ದರು. ತುಟಿ ಅಲುಗುತ್ತಿತ್ತು. ಒಂದು ನಿಮಿಷ. ಒಲೆಯಲ್ಲಿ ಕೊಬ್ಬು ಕರಗಿ ಬೆಂಕಿಗೆ ಬಿದ್ದು ಚುಂಯ್ ಎಂದಿತು. ಒಂದೂವರೆ. ಆ ಅರ್ಧ ನಿಮಿಷ ಜುರೇಮಾಳಿಗೆ ಅವಳ ನಲವತ್ತಾರು ವರ್ಷಕ್ಕಿಂತ ಉದ್ದವಾಗಿತ್ತು.

ಎರಡು ನಿಮಿಷಕ್ಕೆ ಸರಿಯಾಗಿ ಕೀಲಿ ತಿರುಗಿತು. ಎಂಜಿನ್ ಆರಿತು.

ಅವಳು ಹೋಗಿ ಗೇಟಿಗೆ ಬೀಗ ಹಾಕಿದಳು. ಬಾನೆಟ್ಟು ತೆರೆದಳು. ಒಳಗೆ ಟರ್ಬೊದ ಹೊಟ್ಟೆ ಇನ್ನೂ ಮಬ್ಬುಗೆಂಪಾಗಿತ್ತು. ಕಾರಿನ ಬಾಗಿಲು ತೆರೆದು ವಾಲ್ದೊಮೀರೊರ ಮುಂಗೈ ಹಿಡಿದು ಎಳೆದಳು. ಕಬ್ಬಿನ ಲಾರಿಯ ಗಾಲಿ ಒಬ್ಬಳೇ ಎತ್ತುವ ಕೈ ಅದು. ಮುದುಕರು ಬಟ್ಟೆಯ ಗಂಟಿನ ಹಾಗೆ ಬಂದರು.

“ಕೈ ಯಾಕೆ ನಿಲ್ಲಿಸಿದೆ?”

ಹುಟ್ಟಿದಾಗಿನಿಂದ ‘ನೀವು’ ಎಂದ ಬಾಯಿ ಅದೇ ಮೊದಲ ಸಲ ‘ನೀನು’ ಎಂದಿತು. ವಾಲ್ದೊಮೀರೊರ ಮುಖ ಹೊಡೆತ ತಿಂದವರಂತಾಯಿತು.

“ಏನು ಮಗಳೇ?”

“ಮಗಳು ಅನ್ಬೇಡ. ಎರಡು ನಿಮಿಷ ಯಾಕೆ ಕಾದೆ? ಟರ್ಬೊ ಗೊತ್ತಿಲ್ಲ ಅಂದೆ. ಬೋಲ್ಟು ಯಾವ ಕಡೆ ತಿರುಗುತ್ತೆ ಅಂತಲೂ ಗೊತ್ತಿಲ್ಲ ಅಂದೆ. ಗೊತ್ತಿಲ್ಲದವನ ಕೈ ಕೀಲಿ ಮೇಲೆ ಯಾಕೆ ನಿಂತಿತು?”

“ಜುರೇಮಾ, ಕೈ ಬಿಡು...”

“ಬಿಡ್ತೀನಿ. ಅಪ್ಪನ್ನ ನೀನು ಬಿಟ್ಟಷ್ಟು ಹೊತ್ತಾದ್ಮೇಲೆ ಬಿಡ್ತೀನಿ.” ಅವಳು ಆ ಅಂಗೈಯನ್ನು ಕೆಂಪು ಕಬ್ಬಿಣದ ಕಡೆಗೆ ಒಯ್ದಳು. ಒಂದು ಗೇಣು. ಅರ್ಧ ಗೇಣು. ಕೈಮೇಲಿನ ಬಿಳಿ ರೋಮ ಸುರುಳಿ ಸುತ್ತಿಕೊಂಡು ಸುಟ್ಟ ವಾಸನೆ ಬಂತು. “ಹೇಳು. ಇಲ್ಲಾಂದ್ರೆ ಈ ಕೈ ಇನ್ನು ಯಾವ ಮಗೂನೂ ಜ್ಞಾನಸ್ನಾನಕ್ಕೆ ಎತ್ತಲ್ಲ.”

“ಅವನೇ ಹೇಳಿದ!” ಮುದುಕರು ಕಿರುಚಿದರು. “ನಿಮ್ಮಪ್ಪಾನೇ ಹೇಳಿದ್ದು!”

ಜುರೇಮಾಳ ಕೈ ನಿಂತಿತು.

“ಏನು?”

“ರಸ್ತೇಲಿ ಬಿದ್ದಿದ್ದ. ಬಾಯಿಂದ ರಕ್ತ ಬರ್ತಿತ್ತು. ನಾನು ಇಳಿದು ಓಡಿದೆ. ‘ಎಂಜಿನ್ ಆರಿಸು’ ಅಂತ ಕೂಗಿದೆ. ಅವನು ಕೈಯೆತ್ತಿದ. ‘ಆರಿಸ್ಬೇಡ್ರೋ’ ಅಂದ. ‘ಎರಡು ನಿಮಿಷ ಬಿಡಿ. ಟರ್ಬೊ ಸುಟ್ಟು ಹೋಗುತ್ತೆ. ಹುಡುಗಂದು, ನಾಲ್ಕನೇದು’ ಅಂದ.” ವಾಲ್ದೊಮೀರೊ ಬಿಕ್ಕಿದರು. “ಸಾಯ್ತಾ ಮಲಗಿದ್ದವನು, ಅವನಿಗೆ ಅದೇ ಚಿಂತೆ! ನನಗೆ ಟರ್ಬೊ ಗೊತ್ತಿಲ್ಲ ತಾಯೀ, ಇವತ್ತಿಗೂ ಗೊತ್ತಿಲ್ಲ. ಆದ್ರೆ ಅವತ್ತಿಂದ ನನ್ನ ಕೈಲಿ ಯಾವ ಗಾಡಿನೂ ಆರಿಸೋಕೆ ಆಗಲ್ಲ. ಶಾಲೆ ವ್ಯಾನೂ ಅಷ್ಟೇ. ಮಕ್ಕಳು ಇಳಿದು ಹೋದ್ಮೇಲೂ ಎರಡು ನಿಮಿಷ ಕೂತಿರ್ತೀನಿ. ಅವನು ಹೇಳ್ತಾನೇ ಇರ್ತಾನೆ.”

ಜುರೇಮಾಳ ಹಿಡಿತ ಸಡಿಲವಾಯಿತು. ಅವಳು ನಲವತ್ತೊಂದು ದಿನ ಹಲ್ಲು ಕಚ್ಚಿ ದ್ವೇಷಿಸಿದ ಆ ಎರಡು ನಿಮಿಷ ಕೊಲೆಗಾರನ ರೂಢಿಯಾಗಿರಲಿಲ್ಲ. ಅದು ಅಪ್ಪನ ಮಾತು. ಮೊಮ್ಮಗನನ್ನು ಬೈಯುತ್ತ ಬೈಯುತ್ತಲೇ ಪ್ರೀತಿಸಿದ ಅಪ್ಪನ ಕೊನೆಯ ಮಾತು.

ಕಣ್ಣು ತುಂಬಿ ಬಂತು. ಅವಳು ಅದನ್ನು ಅಂಗಿಯ ತೋಳಿನಿಂದ ಉಜ್ಜಿ ಒರೆಸಿದಳು. ಆಗಲೇ ಒಂದು ಮಾತು ಗಂಟಲಿಗೆ ಸಿಕ್ಕ ಮುಳ್ಳಿನ ಹಾಗೆ ಚುಚ್ಚಿತು.

“ನಿಲ್ಲು. ‘ಎಂಜಿನ್ ಆರಿಸು ಅಂತ ಕೂಗಿದೆ’ ಅಂದ್ಯಲ್ಲ. ನೀನು ಇಳಿದು ಅಪ್ಪನ ಹತ್ರ ಹೋಗಿದ್ದೆ. ಯಾರಿಗೆ ಕೂಗಿದೆ?”

ವಾಲ್ದೊಮೀರೊರ ಕಣ್ಣು ಜುರೇಮಾಳ ಭುಜದಾಚೆ ಒಲೆಯತ್ತ ಒಮ್ಮೆ ಹಾರಿ ನೆಲಕ್ಕೆ ಬಿತ್ತು.

ಅಷ್ಟು ಸಾಕಾಗಿತ್ತು.

ಜುರೇಮಾ ಆ ಕಬ್ಬಿನಹಾಲಿನ ಅಂಗಡಿಗೆ ನೂರು ಸಲ ಹೋಗಿದ್ದಳು. ಕಬ್ಬು ಹಿಂಡುವ ಗಾಣದ ಮೋಟಾರು ಸಂಜೆ ಏಳರವರೆಗೂ ನಿಲ್ಲುವುದಿಲ್ಲ. ಅದು ಓಡುವಾಗ ಎದುರು ನಿಂತು ಒಂದು ಲೋಟ ಹಾಲು ಬೇಕೆಂದರೂ ಕೈಸನ್ನೆ ಮಾಡಬೇಕು. ಆ ಸದ್ದಿನಲ್ಲಿ ಕೂತವಳಿಗೆ ತಿರುವಿನಾಚೆಯ ಕಾರಿನ ಗುರುಗುಟ್ಟು ಕೇಳಿಸಿತಂತೆ. ಮಣ್ಣಿನ ಮೇಲಿನ ಹೆಜ್ಜೆಯೂ ಕೇಳಿಸಿತಂತೆ. ಲಾರಿಯ ಶಿಳ್ಳೆಯಲ್ಲಿ ರೋಗ ಹಿಡಿಯುವ ಜುರೇಮಾಳ ಕಿವಿ ಇದನ್ನು ಮಾತ್ರ ಹಿಡಿಯಲಿಲ್ಲ. ಕೇಳಬೇಕೆಂದಿದ್ದ ಮಾತನ್ನೇ ಜೆನೊವೇವಾ ಹೇಳಿದ್ದಳು, ಅದಕ್ಕೆ.

ಅವಳು ನಿಧಾನವಾಗಿ ತಿರುಗಿದಳು.

ಜೆನೊವೇವಾಳ ತೊಡೆಯ ಮೇಲೆ ಜಪಸರ ಇತ್ತು. ಬೆರಳು ಮೊದಲನೆಯ ಮಣಿಯ ಮೇಲೇ ಇತ್ತು. ವಾಲ್ದೊಮೀರೊ ಕಾದ ಎರಡು ನಿಮಿಷದಲ್ಲಿ ಅವಳು ಒಂದನ್ನೂ ಎಣಿಸಿರಲಿಲ್ಲ.

“ನೀವು ಕೇಳಿಸ್ಕೊಂಡಿದ್ದು ಅಂಗಡಿಯಿಂದಲ್ಲ,” ಎಂದಳು ಜುರೇಮಾ. “ಸ್ಟೀರಿಂಗ್ ಹಿಂದೆ ಕೂತು.”

ಜೆನೊವೇವಾ ಎದ್ದು ಓಡಲಿಲ್ಲ, ಅಳಲೂ ಇಲ್ಲ. ಕಡ್ಡಿಯಿಂದ ಮಾಂಸದ ತುಂಡೊಂದನ್ನು ತಿರುವಿದಳು. “ಇವರು ನನಗೆ ಷೋಕಿ ತೋರಿಸ್ಬೇಕು ಅಂತ ಕಾರು ತಂದ್ರು. ಈ ವಯಸ್ಸಲ್ಲಿ! ‘ಓಡಿಸ್ತೀಯಾ’ ಅಂದ್ರು. ಓಡಿಸ್ದೆ. ಮೂವತ್ತು ವರ್ಷ ಗಾಣ ತಿರುಗಿಸಿದ ಕೈಗೆ ಹತ್ತು ನಿಮಿಷ ಸುಖ. ತಿರುವಿನಲ್ಲಿ ನಿಮ್ಮಪ್ಪ ಸಿಕ್ಕಿದ.”

“ಅವನು ಬದುಕಿದ್ದ! ಎತ್ತಿ ಹಾಕ್ಕೊಂಡು ಬಂದಿದ್ರೆ ಬದುಕ್ತಿದ್ದ!”

“ಎತ್ತೋಣ ಅಂದ್ರು ಇವರು. ಬೇಡ ಅಂದವಳು ನಾನೇ.”

ಜುರೇಮಾ ಬೆಂಚಿನ ಮೇಲಿದ್ದ ಕಬ್ಬಿಣದ ಹಾರೆ ಎತ್ತಿದ್ದು ಅವಳಿಗೇ ತಿಳಿಯಲಿಲ್ಲ. ಮೂರು ಹೆಜ್ಜೆಯಲ್ಲಿ ಅವಳು ಒಲೆಯ ಮುಂದಿದ್ದಳು. ವಾಲ್ದೊಮೀರೊ ಕಣ್ಣು ಮುಚ್ಚಿಕೊಂಡರು.

“ಹೊಡಿ,” ಎಂದಳು ಜೆನೊವೇವಾ, ಕೂತಲ್ಲಿಂದಲೇ. “ನಾನು ತಡೆಯಲ್ಲ. ಆದ್ರೆ ಮಂಗಳವಾರ ಹತ್ತು ಗಂಟೆಗೆ ಆ ಹುಡುಗನ ಪರ ಎದ್ದು ನಿಲ್ಲೋರು ಯಾರು? ಹತ್ತು ಮಣಿ ಎಣಿಸಿದ ಬಾಯಿ ಇದೊಂದೇ. ಅವನು ಒಳಗೆ ಕೊಳೆಯೋದು ನನಗೂ ಬೇಕಿಲ್ಲ, ಅದಕ್ಕೇ ನಿನ್ನ ಹತ್ರ ಬಂದೆ.”

“ಪೊಲೀಸರ ಮುಂದೆ ಸತ್ಯ ಹೇಳ್ತೀಯ. ಇವತ್ತೇ.”

“ಹೇಳಲ್ಲ. ನೀನು ಬಾಯಿ ಬಿಟ್ರೆ ನಾನು ಅಂಗಡಿ ಬಿಟ್ಟು ಅಲುಗಿಲ್ಲ ಅಂತೀನಿ. ಗಾಣದ ಸದ್ದಲ್ಲಿ ನನಗೇನೂ ಕೇಳ್ಸಿಲ್ಲ ಅಂತೀನಿ. ಅದನ್ನ ಯಾರು ಬೇಕಾದ್ರೂ ನಂಬ್ತಾರೆ. ಹುಡುಗ ಹನ್ನೆರಡು ವರ್ಷ ಒಳಗೇ.” ಅವಳು ತಲೆಯೆತ್ತದೆ ಕರೆದಳು, “ವಾಲ್ದೊಮೀರೊ, ನೀವೇನು ಹೇಳ್ತೀರಿ?”

ಜುರೇಮಾ ಧರ್ಮತಂದೆಯನ್ನು ನೋಡಿದಳು. ಕೆಂಪು ಕಬ್ಬಿಣದ ಮುಂದೆ ಸತ್ಯ ಕಕ್ಕಿದ ಮನುಷ್ಯ ಈಗ ತನ್ನ ಇಸ್ತ್ರಿ ಅಂಗಿಯ ಗುಂಡಿ ತಿರುಚುತ್ತಿದ್ದರು. ನಲವತ್ತಾರು ವರ್ಷ ಅವಳ ತಲೆಯ ಮೇಲೆ ಇಟ್ಟು ಹರಸಿದ ಕೈಯೇ ಅದು.

“ಅವಳು... ಅವಳು ಹೇಳಿದ ಹಾಗೆ,” ಎಂದರು.

ಹೊರಗಿನಿಂದ ಯಾರೋ ಗೇಟನ್ನು ಎರಡೂ ಕೈಯಿಂದ ಗುದ್ದಿದರು. ತಿಬೂರ್ಸಿಯೊ. “ಬೀಗ ಯಾಕ್ರೇ ಹಾಕಿದ್ದೀರಿ? ಐಸ್ ಕರಗ್ತಾ ಇದೆ! ಜುರೇಮಾ! ಒಳಗೆ ಯಾರಾದ್ರೂ ಬದುಕಿದ್ದೀರಾ?”

ಹಾರೆ ಜುರೇಮಾಳ ತಲೆಯ ಮೇಲೆ ಎತ್ತಿದ್ದು ಎತ್ತಿದಂತೆಯೇ ಇತ್ತು. ಅದನ್ನು ಬೀಸಿದರೆ ಅಪ್ಪನ ಆಣೆ ತೀರುತ್ತದೆ, ಎಡಿನಾಲ್ಡೊ ಮುಗಿಯುತ್ತಾನೆ. ಇಳಿಸಿದರೆ ಹುಡುಗ ಮಂಗಳವಾರ ಸಂಜೆ ಮನೆಗೆ ಬರುತ್ತಾನೆ, ಈ ಹೆಂಗಸು ತಿರುವಿನಲ್ಲಿ ಕಬ್ಬಿನಹಾಲು ಮಾರುತ್ತ ಸುಖವಾಗಿ ಮುದುಕಿಯಾಗುತ್ತಾಳೆ.

ಜೆನೊವೇವಾ ಸುಟ್ಟ ಮಾಂಸದ ತುಂಡನ್ನು ತಟ್ಟೆಗೆ ಹಾಕಿ, ಮೇಲೆ ಬಿದ್ದಿದ್ದ ಕರಿಬೂದಿ ಊದಿ, ಅವಳ ಮುಂದೆ ಚಾಚಿದಳು.

“ಬೇಗ ಹೇಳು ತಂಗಿ, ಅವನು ಗೇಟು ಮುರೀತಾನೆ. ಆ ಸಂಜೆ ನನಗೆ ಏನು ಕೇಳಿಸಿತ್ತು?”